ಕತ್ತಲು ಯಾರದು?

ನಮ್ಮ ಸಾಹಿತ್ಯ ಚರಿತ್ರೆಕಾರರು 19ನೇ ಶತಮಾನದ ಮೊದಲ ಭಾಗಕ್ಕೆ ‘ಕತ್ತಲ ಯುಗ’ ಅಂತ ಹೆಸರಿಟ್ಟರು. ಅದೇ ಕಾಲದಲ್ಲಿ ಕಲಬುರ್ಗಿ ಸೀಮೆಯ ಕಡಕೋಳದಲ್ಲಿ ಮಡಿವಾಳಪ್ಪ ಹಾಡುತ್ತಿದ್ದ. ಅವನ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬ ಮುಸಲ್ಮಾನ, ಖೈನೂರಿನ ಕೃಷ್ಣಪ್ಪ ಬ್ರಾಹ್ಮಣ. ಶಿಶುನಾಳ ಶರೀಫ (1819–1889) ಹುಟ್ಟಿದ್ದೂ ಆ ಕಾಲದಲ್ಲೇ. ಹಂಗಾದರ ಕತ್ತಲು ಎಲ್ಲಿತ್ತು? ಹಾಡುವವರ ಬಾಯಲ್ಲೋ, ಚರಿತ್ರೆ ಬರೆಯುವವರ ಕಣ್ಣಲ್ಲೋ?

ಸೇಡಂ ತಾಲೂಕಿನ ಮಳಖೇಡ ಒಮ್ಮೆ ರಾಷ್ಟ್ರಕೂಟರ ರಾಜಧಾನಿ. ಆ ಆಸ್ಥಾನದ ‘ಕವಿರಾಜಮಾರ್ಗ’ (ಸುಮಾರು 850) ಓದು ಕಲಿಯದ ಜನರೂ ಕಾವ್ಯ ಬಲ್ಲರೆಂದು ಒಪ್ಪಿತ್ತು. ಅರಮನೆಯ ಪುಸ್ತಕ ಒಪ್ಪಿದ್ದನ್ನು ಕಾಲೇಜಿನ ಪುಸ್ತಕ ಮರೆಯಿತು.

ಇಟಲಿಯ ಸಾಲ್ವಟೋರ್ ರೋಸಾ (1615–1673) ಚಿತ್ರಕಾರ, ವಿಡಂಬನ ಕವಿ. ಭಾಗ್ಯದೇವತೆ ತನ್ನ ಸಿರಿಯನ್ನೆಲ್ಲ ಪಶುಗಳ ಮುಂದೆ ಸುರಿಯುವ ಚಿತ್ರ ಬರೆದು ಜೈಲಿನ ಬಾಗಿಲ ತನಕ ಹೋದ. ಉಳಿಸಿದವನು ಪೋಪನ ಸಹೋದರ. ಅವನ ವಿಡಂಬನೆಗಳು ಅಚ್ಚಾದದ್ದು ಅವನು ಸತ್ತ ಮೇಲೆ. ಧೈರ್ಯ ಸಣ್ಣದಲ್ಲ. ಆದರೆ ಅದು ದೊಡ್ಡಮನೆಯೊಳಗಿನ ಜಗಳ, ಕೇಳುವವರು ಕರೆಸಿಕೊಂಡವರು. ಮಡಿವಾಳಪ್ಪನ ಪದಕ್ಕೆ ಕರೆಯೋಲೆ ಬೇಕಿಲ್ಲ. ಏಕತಾರಿ, ದಮ್ಮಡಿ ಇದ್ದರೆ ಸಾಕು. ಜಾತಿ, ಮಡಿ, ಸುಳ್ಳು ಗುರುಗಳನ್ನು ಆತ ಜನರ ಮಾತಿನಲ್ಲೇ ಝಾಡಿಸಿದ. ಅಚ್ಚಿಗೆ ಮೊದಲೇ ಜನರ ಬಾಯಿ ಅವನನ್ನು ಉಳಿಸಿತು.

ಆದರೆ ಪೂಜೆ ನಮ್ಮ ಕೆಲಸವಲ್ಲ. ತತ್ವಪದ ಊರಿನ ಡಾಂಭಿಕತನವನ್ನು ಗದರಿಸಿ, ಕೊನೆಗೆ ದೇಹ, ಮಾಯೆ, ಗುರು ಎಂದು ಒಳಮುಖವಾಗುತ್ತದೆ. ಜಾತಿ ಸುಳ್ಳು ಎನ್ನುತ್ತದೆ. ಹೊಲ ಯಾರದು ಎಂದು ಕೇಳುವುದು ಅಪರೂಪ. ಹೆಣ್ಣನ್ನು ಮಾಯೆ ಎನ್ನುವ ಹಳೇ ಚಾಳಿಯೂ ಆ ಪರಂಪರೆಯಲ್ಲಿದೆ. ಡಾಂಭಿಕ ಗುರುಗಳನ್ನು ಅಣಕಿಸಿದವನ ಹೆಸರಲ್ಲೇ ಕಡಕೋಳದಲ್ಲಿ ಮಠ ಇದೆ. ಗದ್ದುಗೆ ಬಂದಲ್ಲಿ ವಿಡಂಬನೆ ಆರತಿಯಾಗುತ್ತದೆ, ಕುಟುಕು ಹೋಗಿ ತಾಳವಷ್ಟೇ ಉಳಿಯುತ್ತದೆ.

ಆ ಕುಟುಕು ಮತ್ತೆ ಬೇಕಾದದ್ದು ಎಲ್ಲಿ? ಶಹಾಬಾದಿನ ಫರಸಿ ಖಣಿಯಲ್ಲಿ, ವಾಡಿಯ ಸಿಮೆಂಟು ಧೂಳಿನಲ್ಲಿ, ಚಿತ್ತಾಪುರದ ತೊಗರಿ ಹೊಲದಲ್ಲಿ, ಚಿಂಚೋಳಿಯ ತಾಂಡಾಗಳಲ್ಲಿ. ರಾತ್ರಿ ಭಜನೆಯಲ್ಲಿ ಕುಲವಿಲ್ಲ ಎಂದು ಹಾಡಿ, ಬೆಳಗಾದರೆ ಕುಲ ಕೇಳಿ ನೀರು ಕೊಡುವುದಾದರೆ ಆ ಹಾಡು ಯಾರಿಗೆ? ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಪದಗಳನ್ನು ಬರೆದುಕೊಳ್ಳಿರಿ. ಹಾಡುವವರು ಯಾರು, ಅವರಿಗೆ ಯಾವ ಅಂಗಳದ ತನಕ ಪ್ರವೇಶ ಅನ್ನುವುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಆಗ ಕತ್ತಲು ಯಾರದೆಂದು ತಾನೇ ಗೊತ್ತಾಗುತ್ತದೆ.