ಆಟ ಯಾರಪ್ಪನ ಮನೆ ಆಸ್ತಿ?

ಕಲೆಯ ಬಗ್ಗೆ ಬರೆಯುವ ದೊಡ್ಡವರಿಗೆ ‘ಆಟ’ ಅನ್ನುವ ಮಾತು ಬಹಳ ಪ್ರೀತಿ. ಕಲೆ ಅಂದರೆ ಆಟವಂತೆ, ಕಲಾವಿದ ಅಂದರೆ ದೊಡ್ಡವನಾಗದ ಮಗುವಂತೆ. ಒಳ್ಳೆಯ ಮಾತು. ಆದರೆ ಯಾರ ಮನೆಯ ಮಗು? ಅದು ಆಡುತ್ತಿದ್ದಾಗ ಮುಸುರೆ ತಿಕ್ಕುತ್ತಿದ್ದವರು ಯಾರು?

ಇದಕ್ಕೆ ತಕ್ಕ ಉದಾಹರಣೆ ಫ್ರಾನ್ಸಿನ ಝಾಕ್ ಆನ್ರಿ ಲಾರ್ತೀಗ್. 1894ರಲ್ಲಿ ಪ್ಯಾರಿಸ್ ಹತ್ತಿರ ಸಿರಿವಂತರ ಮನೆಯಲ್ಲಿ ಹುಟ್ಟಿದವನು. 1902ರಲ್ಲಿ, ಇನ್ನೂ ಎಂಟರ ಹುಡುಗ, ಅಪ್ಪ ಕ್ಯಾಮರಾ ಕೊಡಿಸಿದ. 1986ರಲ್ಲಿ ಸಾಯುವ ತನಕ ಅವನು ಆ ಆಟ ಬಿಡಲಿಲ್ಲ. ಮೆಟ್ಟಿಲ ಮೇಲಿಂದ ಹಾರುವ ನೆಂಟರ ಹೆಣ್ಣುಮಗಳು, ರೇಸಿನ ಕಾರು, ಮೇಲೇಳುತ್ತಿರುವ ವಿಮಾನ. ಅವನ ಲೋಕದಲ್ಲಿ ಯಾರ ಕಾಲೂ ನೆಲಕ್ಕೆ ತಾಗುವುದಿಲ್ಲ. ಚಿತ್ರಗಳನ್ನು ಬಹುಪಾಲು ತನ್ನ ಆಲ್ಬಂಗಳಿಗಾಗಿಯೇ ತೆಗೆದ. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ್ನು ಗೋಡೆಗೇರಿಸಿದಾಗ ಅವನಿಗೆ 69 ವರ್ಷ.

1904ರ ಒಂದು ಚಿತ್ರದಲ್ಲಿ ಅವನ ಆಯಾ ದುದು ಇದ್ದಾಳೆ. ಅವಳು ಎಸೆದ ಚೆಂಡು ಗಾಳಿಯಲ್ಲೇ ನಿಂತಿದೆ. ಸುಳ್ಳು ಯಾಕೆ ಹೇಳಲಿ, ಚಿತ್ರ ಚೆಂದ ಇದೆ. ನಾನೂ ತುಂಬ ಹೊತ್ತು ನೋಡಿದೆ. ಆದರೆ ಗೆಳೆಯರೆ, ಆಟ ಆ ಹುಡುಗನದು, ಕೂಲಿ ಅವಳದು. ಅವಳ ಕೈಗೇ ಕ್ಯಾಮರಾ ಬಂದಿದ್ದರೆ?

ಇನ್ನೊಂದು ದೇಶದಲ್ಲಿ, ಇನ್ನೊಬ್ಬ ಆಯಾಳ ಕೈಗೆ ಅದು ಬಂತು. ವಿವಿಯನ್ ಮೇಯರ್ 1926ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವಳು. 1956ರಿಂದ ಶಿಕಾಗೋ ಕಡೆಯ ಉಳ್ಳವರ ಮಕ್ಕಳನ್ನು ಸಾಕಿದಳು, ಹತ್ತಿರ ಹತ್ತಿರ ನಲವತ್ತು ವರ್ಷ. ಮಕ್ಕಳನ್ನು ಕರಕೊಂಡು ಬೀದಿಗೆ ಹೊರಟರೆ ಕೊರಳಲ್ಲಿ ರೋಲಿಫ್ಲೆಕ್ಸ್ ಕ್ಯಾಮರಾ. ಅದನ್ನು ಕಣ್ಣಿಗೆ ಹಿಡಿಯಬೇಕಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಗಾಜಿನಲ್ಲಿ ತಲೆ ಬಗ್ಗಿಸಿ ನೋಡಬೇಕು. ಒಂದು ರೀಲಿಗೆ ಹನ್ನೆರಡೇ ಚಿತ್ರ. ತಲೆ ಬಗ್ಗಿಸಿ ನಿಲ್ಲುವುದು ಆಳಿನ ಭಂಗಿ ತಾನೆ? ಅದೇ ಭಂಗಿಯಲ್ಲಿ ಆಕೆ ಊರನ್ನೆಲ್ಲ ನೋಡಿಬಿಟ್ಟಳು. ಕನ್ನಡಿಯಲ್ಲಿ, ಅಂಗಡಿ ಗಾಜಿನಲ್ಲಿ, ಹುಲ್ಲಿನ ಮೇಲೆ ಬಿದ್ದ ನೆರಳಿನಲ್ಲಿ ತನ್ನನ್ನೇ ಮತ್ತೆ ಮತ್ತೆ ತೆಗೆದಳು. ಒಂದು ಲಕ್ಷಕ್ಕೂ ಮಿಕ್ಕಿ ನೆಗೆಟಿವ್. ಎಷ್ಟೋ ರೀಲುಗಳನ್ನು ತೊಳೆಸಲೂ ಇಲ್ಲ. ಯಾರಿಗೂ ಹೆಚ್ಚು ತೋರಿಸಲಿಲ್ಲ. 2007ರಲ್ಲಿ ಬಾಡಿಗೆ ಕಟ್ಟಲಾಗದೆ, ಉಗ್ರಾಣದಲ್ಲಿದ್ದ ಪೆಟ್ಟಿಗೆಗಳು ಹರಾಜಾದವು. 2009ರಲ್ಲಿ ಆಕೆ ಸತ್ತಳು. ಹೆಸರು ಬಂದದ್ದು ಆಮೇಲೆ. ಒಬ್ಬ ಆಯಾ ಇಂಥ ಚಿತ್ರ ತೆಗೆದಳಾ ಅಂತ ಲೋಕ ಬೆರಗಾಯಿತು. ಆ ಬೆರಗಿನಲ್ಲೇ ಅವಮಾನವೂ ಇದೆ.

ಆಕೆ ಬಿಳಿಯಳು. ಆಕೆಯ ಕಷ್ಟವನ್ನು ನಮ್ಮದರ ಜೊತೆ ತಕ್ಕಡಿಗೆ ಹಾಕುವುದು ಬೇಡ. ನನಗೆ ಬೇಕಾದದ್ದು ಇಷ್ಟೆ: ಆಡುವುದಕ್ಕೆ ಆಕೆ ಯಾರಪ್ಪಣೆಯನ್ನೂ ಕೇಳಲಿಲ್ಲ.

ನಮ್ಮ ಕಡೆ ಕ್ಯಾಮರಾ ಬಂದದ್ದು ಆಟಕ್ಕಲ್ಲ, ಗುರುತಿಗೆ. 1857ರ ದಂಗೆಯ ಬಳಿಕ ಬ್ರಿಟಿಷ್ ಸರ್ಕಾರ ಈ ದೇಶದ ಜನರನ್ನು ಜಾತಿ ಜಾತಿಯಾಗಿ ನಿಲ್ಲಿಸಿ ತೆಗೆಸಿದ ಚಿತ್ರಗಳನ್ನು ‘ದಿ ಪೀಪಲ್ ಆಫ್ ಇಂಡಿಯಾ’ ಅಂತ 1868ರಿಂದ 1875ರ ತನಕ ಎಂಟು ಸಂಪುಟ ಮಾಡಿತು. ನಮ್ಮವ್ವ ಕ್ಯಾಮರಾ ಮುಂದೆ ಕೂತದ್ದು ಪಡಿತರ ಚೀಟಿಗೆ, ವೋಟಿನ ಕಾರ್ಡಿಗೆ, ಆಧಾರಿಗೆ. ಮೂರರಲ್ಲೂ ಅದೇ ಗಾಬರಿ ಕಣ್ಣು. ಇದು ಬಿಟ್ಟರೆ ನಮ್ಮ ಕೇರಿಗೆ ಕ್ಯಾಮರಾ ಬರುವುದು ಗುಡಿಸಲು ಸುಟ್ಟಾಗ, ಹೆಣ ಬಿದ್ದಾಗ. ಆ ಚಿತ್ರಗಳು ಬೇಕು, ಅವು ಸಾಕ್ಷಿ. ಅಷ್ಟೇ ಸಾಕು ಅನ್ನುವುದಕ್ಕೆ ನನ್ನ ತಕರಾರು.

ಯಾಕಂದ್ರೆ ಮೊನ್ನೆ ಒಂದು ಶಿಬಿರದಲ್ಲಿ ನಮ್ಮ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದ ಚಿತ್ರ ತೋರಿಸಿದಳು. ಬಚ್ಚಲ ನೀರಿನಲ್ಲಿ ಅವಳದೇ ನೆರಳು. ಎಮ್ಮೆಯ ಎರಡು ಕೊಂಬಿನ ನಡುವೆ ಸಿಕ್ಕಿಕೊಂಡ ಸೂರ್ಯ. ಹಿರಿಯ ಗೆಳೆಯರೊಬ್ಬರು ಕೇಳಿದರು: “ಇದರಲ್ಲಿ ಹೋರಾಟ ಎಲ್ಲೈತವ್ವಾ?” ಅವಳು ಮೊಬೈಲು ಮುಚ್ಚಿಟ್ಟುಕೊಂಡಳು. ನಾನೂ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಈ ಬರಹ.

ಆಟ ಉಳ್ಳವರ ಮಕ್ಕಳಿಗೆ, ನಮಗೆ ಗೋಳು ಮಾತ್ರ ಅಂತ ಮೇಲಿನವರು ಹೇಳಿದರೆ ಸಿಟ್ಟಾಗುತ್ತೇವೆ. ಅದನ್ನೇ ನಾವು ಚಳವಳಿಯ ಹೆಸರಲ್ಲಿ ಹೇಳಿದರೆ ಅದೂ ಯಜಮಾನಿಕೆಯೇ. ದುಡಿದು ದಣಿದವರು ಆಡಬಾರದು ಅನ್ನುವುದು ಒಡೆಯನ ಕಟ್ಟಳೆ. ಆ ಹುಡುಗಿ ಬಚ್ಚಲ ನೀರಿನಲ್ಲಿ ತನ್ನನ್ನು ತಾನೇ ನೋಡಿಕೊಂಡಾಗ, ಎಂಟು ಸಂಪುಟಗಳ ಆ ಗುರುತುಚೀಟಿಯನ್ನು ಅವಳು ಹರಿದು ಹಾಕಿದಳು. ಅದು ನಮಗೆ ಕಾಣದಿದ್ದರೆ ದೋಷ ಅವಳ ಚಿತ್ರದ್ದಲ್ಲ.

ಮುಂದಿನ ಶಿಬಿರದಲ್ಲಿ ಆ ಚಿತ್ರಗಳನ್ನು ಗೋಡೆಗೆ ಅಂಟಿಸೋಣ. ಕೆಳಗೆ ಅವಳ ಹೆಸರು ಬರೆಯೋಣ. ಘೋಷಣೆ ಬೇಡ.