ಒಂದು ಅಪರಾಧಚಿತ್ರದಲ್ಲಿ ಸಂಗೀತದ ಸ್ಥಾನ

ನಾಟ್ಯದಲ್ಲಿ ಗೀತಕ್ಕೆ ಏನು ಕೆಲಸವೆಂಬ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಭರತಮುನಿಯು ತನ್ನ ಶಾಸ್ತ್ರದಲ್ಲಿ ಧ್ರುವಾಗಾನಕ್ಕೆಂದೇ ಒಂದು ದೀರ್ಘವಾದ ಅಧ್ಯಾಯವನ್ನು ಮೀಸಲಿಟ್ಟು, ಪಾತ್ರವು ರಂಗಕ್ಕೆ ಬರುವಾಗಿನ ಪ್ರಾವೇಶಿಕೀ, ಹೊರಟುಹೋಗುವಾಗಿನ ನೈಷ್ಕ್ರಾಮಿಕೀ, ನಡೆಯುತ್ತಿರುವ ರಸವನ್ನು ತಟ್ಟನೆ ತಡೆದು ಬೇರೊಂದನ್ನು ತರುವ ಆಕ್ಷೇಪಿಕೀ, ಕಲಕಿದ ಮನಸ್ಸನ್ನು ತಿಳಿಗೊಳಿಸುವ ಪ್ರಾಸಾದಿಕೀ, ನಡುವಣ ತೆರಪನ್ನು ತುಂಬುವ ಆಂತರಾ ಎಂದು ಐದು ಬಗೆಗಳನ್ನು ಹೇಳಿರುವನು. ಪಾತ್ರದ ಒಳಗಿರುವುದನ್ನು ಪಾತ್ರವು ತಾನಾಗಿ ಹೇಳದೆ, ಬೇರೆಯವರು ಹಾಡಿ ಸಭಿಕರಿಗೆ ಮುಟ್ಟಿಸುವುದು ಈ ಧ್ರುವೆಗಳ ಸ್ವಭಾವ. ಇಂದಿನ ಚಲಚ್ಚಿತ್ರಗಳಲ್ಲಿ ಹಿನ್ನೆಲೆಯ ಸಂಗೀತವೆಂದು ಕರೆಯಲ್ಪಡುವುದು ಈ ವಂಶಕ್ಕೇ ಸೇರಿದುದೆಂದು ನನ್ನ ಭಾವನೆ. ಆದರೆ ಬಹುಮಟ್ಟಿಗೆ ಹಿರಿಯರ ಹೆಸರನ್ನು ಕೆಡಿಸಿದ ಸಂತಾನ. ಕತ್ತಿ ಕಂಡೊಡನೆ ನಗಾರಿ, ಕಣ್ಣೀರು ಕಂಡೊಡನೆ ಪಿಟೀಲು. ನೋಡುವವನಿಗೆ ಕಣ್ಣಿಲ್ಲವೆಂದು ಭಾವಿಸಿ ಅವನ ಕಿವಿಯನ್ನು ಹಿಂಡುವ ಪದ್ಧತಿ ಇದು.

ಈ ಪದ್ಧತಿಯನ್ನು ಬಿಟ್ಟು ನಡೆದ ಒಂದು ಫ್ರೆಂಚ್ ಚಿತ್ರವನ್ನು ಕುರಿತು ಪ್ರಕೃತ ಕೆಲವು ಮಾತುಗಳನ್ನು ಬರೆಯಬೇಕೆಂದಿರುವೆನು. ಅದರ ಹೆಸರು 'ಆಸಾಂಸ್ಯೂರ್ ಪೂರ್ ಲೆಶಾಫೋ', ಎಂದರೆ 'ವಧಾಸ್ಥಾನಕ್ಕೆ ಲಿಫ್ಟು'. ಲೂಯಿ ಮಾಲ್ ಎಂಬ ತರುಣನು 25 ವರ್ಷ ತುಂಬುವ ವೇಳೆಗೆ ಇದನ್ನು ನಿರ್ದೇಶಿಸಿದನು. 1958ರ ಜನವರಿಯಲ್ಲಿ ಅದು ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾಯಿತು. ಕಥೆಯು ನೋಯೆಲ್ ಕಾಲೆಫ್ ಎಂಬವರ 1956ರ ಕಾದಂಬರಿಯಿಂದ ಬಂದುದು.

ವಸ್ತುವನ್ನು ಸಂಕ್ಷೇಪವಾಗಿ ಹೇಳುವೆನು. ಝೂಲಿಯೆನ್ ಎಂಬವನು ಹಿಂದೆ ಸೈನಿಕನಾಗಿದ್ದು ಈಗ ಕಾರಾಲಾ ಎಂಬ ಶಸ್ತ್ರವ್ಯಾಪಾರಿಯ ಬಳಿ ಕೆಲಸಕ್ಕಿರುವನು. ಆ ಯಜಮಾನನ ಹೆಂಡತಿ ಫ್ಲಾರೆನ್ಸಳಿಗೂ ಅವನಿಗೂ ಪ್ರಣಯ. ಇಬ್ಬರೂ ಕೂಡಿ ಹೂಡಿದ ಉಪಾಯದಂತೆ ಒಂದು ಶನಿವಾರದ ಸಂಜೆ ಝೂಲಿಯೆನ್ನನು ಹಗ್ಗ ಹಿಡಿದು ಮೇಲಣ ಅಂತಸ್ತಿಗೆ ಏರಿ, ಯಜಮಾನನನ್ನು ಗುಂಡಿಟ್ಟು ಕೊಂದು, ಅದು ಆತ್ಮಹತ್ಯೆಯೆಂದು ತೋರುವಂತೆ ಅಣಿಮಾಡಿ ಇಳಿದುಬರುವನು. ಮೋಟಾರಿನಲ್ಲಿ ಕುಳಿತ ಮೇಲೆ ತಲೆಯೆತ್ತಿ ನೋಡಿದರೆ ಹಗ್ಗವು ಅಲ್ಲೇ ತೂಗುತ್ತಿದೆ! ಅದನ್ನು ತರಲೆಂದು ಲಿಫ್ಟಿನೊಳಗೆ ಹೋಗುತ್ತಿರುವಾಗ ಕಾವಲುಗಾರನು ವಿದ್ಯುತ್ತನ್ನು ನಿಲ್ಲಿಸಿ ಬೀಗಹಾಕಿ ಹೊರಡುವನು. ಇರುಳೆಲ್ಲ ಕೊಲೆಗಾರನು ಎರಡು ಅಂತಸ್ತುಗಳ ನಡುವೆ ಪೆಟ್ಟಿಗೆಯೊಳಗಣ ಇಲಿಯಂತೆ ಉಳಿಯುವನು. ಬೀದಿಯಲ್ಲಿ ಬಿಟ್ಟ ಅವನ ಮೋಟಾರನ್ನು ಒಬ್ಬ ಪೋಲಿ ಹುಡುಗನೂ ಅವನ ಗೆಳತಿಯಾದ ಹೂ ಮಾರುವ ಹುಡುಗಿಯೂ ಕದ್ದೊಯ್ದು, ಹೆದ್ದಾರಿಯ ವಸತಿಗೃಹವೊಂದರಲ್ಲಿ ಜರ್ಮನ್ ದಂಪತಿಗಳನ್ನು ಕೊಲ್ಲುವ ಅನರ್ಥಕ್ಕೆ ತಲಪುವರು. ಇತ್ತ ಫ್ಲಾರೆನ್ಸಳು ಪ್ರಿಯನಿಗಾಗಿ ಕಾದಿರುವಾಗ ಅವನ ಮೋಟಾರು ಕಣ್ಣೆದುರಿಗೆ ಹಾದುಹೋಗುವುದು, ಒಳಗೆ ಬೇರೊಬ್ಬ ಹುಡುಗಿ. ಅವಳು ಇರುಳೆಲ್ಲ ಪ್ಯಾರಿಸ್ಸಿನ ಬೀದಿಗಳಲ್ಲಿ ಅಲೆಯುವಳು.

ಕಥಾಬಂಧವು ಗಡಿಯಾರದ ಯಂತ್ರದಂತೆ ಬಿಗಿಯಾಗಿದೆ. ಇದನ್ನು ಮೆಚ್ಚುವವರು ಉಂಟು. ನನಗಾದರೋ ಅದರ ಬಿಗಿಯೇ ಅದರ ಬಡತನವೆಂದು ತೋರಿತು. ಈ ಯಂತ್ರದೊಳಕ್ಕೆ ಉಸಿರು ಬಂದುದು ಸಂಗೀತದಿಂದ, ಅದೂ ಒಂದೇ ರಾತ್ರಿಯಲ್ಲಿ.

ಮೈಲ್ಸ್ ಡೇವಿಸ್ ಎಂಬ ಪ್ರಸಿದ್ಧ ನೀಗ್ರೋ ವಿದ್ವಾಂಸನು (ಇಂದಿನ ಮಾತಿನಲ್ಲಿ ಆಫ್ರಿಕನ್ ಅಮೆರಿಕನ್ ಎನ್ನಬೇಕು) 1957ರ ಕೊನೆಯಲ್ಲಿ ಪ್ಯಾರಿಸ್ಸಿಗೆ ಬಂದಿದ್ದನು. ವಾದ್ಯವು ಟ್ರಂಪೆಟ್, ನಮ್ಮವರ ಮಾತಿನಲ್ಲಿ ಹಿತ್ತಾಳೆಯ ತುತ್ತೂರಿ. ಡಿಸೆಂಬರ್ 4ರ ರಾತ್ರಿಯಿಂದ 5ರ ಬೆಳಗಿನ ಜಾವದವರೆಗೆ ಅಲ್ಲಿನ ಒಂದು ಧ್ವನಿಮುದ್ರಣಾಲಯದಲ್ಲಿ ಚಿತ್ರದ ಆಯ್ದ ತುಣುಕುಗಳನ್ನು ತೆರೆಯ ಮೇಲೆ ಮತ್ತೆಮತ್ತೆ ಓಡಿಸಲು, ಅವನೂ ನಾಲ್ವರು ಸಂಗಡಿಗರೂ ಅವನ್ನು ನೋಡುತ್ತ ಆಗಿಂದಾಗ ನುಡಿಸಿದರು. ಸ್ಯಾಕ್ಸೊಫೋನಿಗೆ ಬಾರ್ನಿ ವಿಲೆನ್, ಪಿಯಾನೋಗೆ ರೆನೆ ಉರ್ತ್ರೆಜೆ, ಡಬಲ್ ಬೇಸ್ ಎಂಬ ಆಳುದ್ದದ ತಂತೀವಾದ್ಯಕ್ಕೆ ಪಿಯೇರ್ ಮಿಶೆಲೊ, ತಾಳವಾದ್ಯಕ್ಕೆ ಕೆನ್ನಿ ಕ್ಲಾರ್ಕ್. ಬರೆದಿಟ್ಟ ಸ್ವರಲಿಪಿಯಿರಲಿಲ್ಲ. ಆ ರಾತ್ರಿ ಡೇವಿಸ್ಸನ ತುಟಿಯ ಚರ್ಮದ ಚೂರೊಂದು ಕಿತ್ತು ವಾದ್ಯದ ಬಾಯಿಗೆ ಸಿಕ್ಕಿ ನಾದಕ್ಕೆ ಆ ವಿಚಿತ್ರವಾದ ಬಿರುಕು ಬಂದಿತೆಂದು ಸಾಹಿತಿಯೂ ಜಾಜ್ ಸಂಗೀತದ ಭಕ್ತನೂ ಆದ ಬೋರಿಸ್ ವಿಯಾನನು ಬರೆದಿರುವನು. ದೊಡ್ಡ ವಿದ್ವಾಂಸರ ಶಿಷ್ಯವರ್ಗದಲ್ಲಿ ಇಂತಹ ಕಥೆಗಳು ಎಲ್ಲ ದೇಶಗಳಲ್ಲಿಯೂ ಹುಟ್ಟುವುವು; ನಂಬಿದರೆ ನಷ್ಟವಿಲ್ಲ.

ಆಗಿಂದಾಗ ನುಡಿಸಿದರೆಂದ ಮಾತ್ರಕ್ಕೆ ಅದೃಷ್ಟದಿಂದ ಒದಗಿದುದೆಂದು ಎಣಿಸಬಾರದು. ನಮ್ಮ ಸಂಗೀತದಲ್ಲಿ ಕಲ್ಪಿತವೆಂದೂ ಮನೋಧರ್ಮವೆಂದೂ ಇರುವ ಭೇದವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಗಾಲಾಪನೆಗೆ ಕುಳಿತವನು ಮುಂದಿನ ಸಂಚಾರವನ್ನು ಅರಿಯನು, ಆದರೆ ರಾಗವನ್ನು ಅರಿತಿರುವನು. ಡೇವಿಸ್ಸನು ಚಿತ್ರವನ್ನು ಮೊದಲೇ ಒಮ್ಮೆ ನೋಡಿದ್ದನು. ತಂಗಿದ್ದ ಕೋಣೆಗೆ ಪಿಯಾನೋ ತರಿಸಿಕೊಂಡು ಕೆಲವು ಎಳೆಗಳನ್ನು ಮನಸ್ಸಿನಲ್ಲಿ ಕೂಡಿಸಿಕೊಂಡಿದ್ದನು. ಇನ್ನೊಂದು ವಿಷಯವೂ ಗಮನಾರ್ಹ. ಬೇಗಬೇಗನೆ ಬದಲಾಗುವ ಸ್ವರಮೇಳಗಳ ಸಾಲನ್ನು ಬೆನ್ನಟ್ಟಿ ಓಡುವುದು ಆ ಕಾಲದ ಜಾಜ್ ವಾದಕರ ರೂಢಿಯಾಗಿತ್ತು. ಇಲ್ಲಿನ ನಿಧಾನಭಾಗಗಳಲ್ಲಿ ಡೇವಿಸ್ಸನು ಒಂದೆರಡು ಮೇಳಗಳಲ್ಲಿಯೇ ನೆಲೆನಿಂತು ಸ್ವರಗಳನ್ನು ಎಳೆಯುವನು, ನಿಲ್ಲಿಸುವನು, ಮತ್ತೆ ಎತ್ತಿಕೊಳ್ಳುವನು. 1959ರ ಅವನ ಪ್ರಖ್ಯಾತವಾದ 'ಕೈಂಡ್ ಆಫ್ ಬ್ಲೂ' ಎಂಬ ಧ್ವನಿಮುದ್ರಿಕೆಯ ದಾರಿಯು ಇಲ್ಲಿಂದಲೇ ಕಾಣತೊಡಗಿತೆಂದು ತಿಳಿದವರು ಹೇಳುವರು. ಶ್ರುತಿಯ ಮೇಲೆ ಕುಳಿತ ಆಲಾಪನೆಗೆ ಪಳಗಿದ ನಮ್ಮ ಕಿವಿಗೆ ಈ ಪರದೇಶದ ನಾದವು ಅಷ್ಟಾಗಿ ಅಪರಿಚಿತವೆನಿಸದಿರುವುದಕ್ಕೆ ಇದೇ ಕಾರಣವಿರಬೇಕು.

ಚಿತ್ರವು ಒಂದೂವರೆ ಗಂಟೆಯದು; ಅದರಲ್ಲಿ ಸಂಗೀತವಿರುವುದು ಸುಮಾರು 18 ನಿಮಿಷ ಮಾತ್ರ. ಈ ಮಿತಿಯನ್ನು ಗಮನಿಸದೆ ಸಂಗೀತವನ್ನು ಹೊಗಳುವವರು ಅರ್ಧವನ್ನೇ ಹೊಗಳಿದವರು. ಗುಂಡು ಹಾರುವ ಕ್ಷಣವನ್ನು ಮುಚ್ಚುವುದು ಯಾವ ವಾದ್ಯವೂ ಅಲ್ಲ; ಕೆಳಗೆ ಕಛೇರಿಯ ಹೆಂಗಸು ಪೆನ್ಸಿಲ್ ಹೆರೆಯುತ್ತಿರುವ ಯಂತ್ರದ ಗರಗರ ಸದ್ದು. ಲಿಫ್ಟಿನೊಳಗೆ ಬಹುಪಾಲು ಕೇಳುವುದು ಚಾಕುವಿನ ಅಲಗು ತಿರುಪುಮೊಳೆಗಳನ್ನು ಕೆರೆಯುವ ಶಬ್ದ. ಮಾಲ್ ಇದಕ್ಕೆ ಸ್ವಲ್ಪ ಮುಂಚೆ ರೊಬೇರ್ ಬ್ರೆಸ್ಸೊಂ ಎಂಬ ಮಹಾನಿರ್ದೇಶಕನ ಬಳಿ, ಸೆರೆಯಾಳೊಬ್ಬನು ತಪ್ಪಿಸಿಕೊಳ್ಳುವ 1956ರ ಚಿತ್ರದಲ್ಲಿ ಕೆಲಸಮಾಡಿದ್ದನು. ಬಂಧಿತನ ಕೈಗಳ ಕೆಲಸವನ್ನು ಸದ್ದಿನಿಂದ ತೋರುವ ವಿದ್ಯೆಯನ್ನು ಅಲ್ಲಿಂದಲೇ ತಂದಿರಬೇಕು. ಪ್ಯಾರಿಸ್ಸಿನಲ್ಲಿಯೇ 1955ರಲ್ಲಿ ಬಂದ ಜೂಲ್ಸ್ ಡಾಸಿನ್ನನ 'ರಿಫಿಫಿ'ಯಲ್ಲಿ ಅರ್ಧಗಂಟೆಯ ಕಳವು ಮಾತೂ ಸಂಗೀತವೂ ಇಲ್ಲದೆ ನಡೆಯುವುದನ್ನು ನೋಡಿದವರು, ಈ ಬಗೆಯ ಮೌನದ ಬೆಲೆಯನ್ನು ಬಲ್ಲರು. ಹೆದ್ದಾರಿಯಲ್ಲಿ ಮೋಟಾರು ಓಡುವೆಡೆ ದ್ರುತಗತಿಯ ವಾದನವು ಬರುವುದು. ಅದು ಚೆನ್ನಾಗಿಯೇ ಇದೆ; ಆದರೆ ಓಟಕ್ಕೆ ಓಟವನ್ನು ಕೂಡಿಸಿದಂತಾಗಿ ಅಲ್ಲಿ ವಿಶೇಷವೇನೂ ಹುಟ್ಟುವುದಿಲ್ಲ. ಹುಡುಗ ಹುಡುಗಿಯರ ಕಥೆಯೇ ತೆಳುವು. ಸಂಗೀತಗಾರನಿಗೂ ಅದು ಹಾಗೆಯೇ ತೋರಿದ್ದರೆ ಆಶ್ಚರ್ಯವಿಲ್ಲ.

ಉಳಿದುದು ಫ್ಲಾರೆನ್ಸಳ ರಾತ್ರಿ. ಚಿತ್ರದ ಜೀವವಿರುವುದು ಇಲ್ಲಿಯೇ. ಝಾನ್ ಮೋರೋ ಎಂಬ ನಟಿಯು ಶಾಂಜ್ ಎಲಿಜೆ ಎಂಬ ರಾಜಬೀದಿಯಲ್ಲಿ ನಡೆಯುವಳು. ಛಾಯಾಗ್ರಾಹಕನಾದ ಆಂರಿ ದೆಕೇ ಬೇರೆ ದೀಪಗಳನ್ನು ಇಡದೆ ಅಂಗಡಿಗಳ ಬೆಳಕನ್ನೇ ನಂಬಿ, ಯಂತ್ರವನ್ನು ಮಕ್ಕಳ ತಳ್ಳುಗಾಡಿಯಲ್ಲಿರಿಸಿ ಅವಳ ಮುಖವನ್ನು ಹಿಡಿದನು. ಅವಳು ಪಾನಗೃಹಗಳಿಗೆ ಹೊಕ್ಕು ಝೂಲಿಯೆನ್ನನನ್ನು ಕಂಡಿರಾ ಎಂದು ಕೇಳುವಳು, ಯಾರೂ ಕಂಡಿಲ್ಲ. ಮಳೆ ಬರುವುದು. ತುತ್ತೂರಿಯು ಅವಳ ಹೆಜ್ಜೆಗೆ ತಾಳ ಹಾಕದೆ, ಸ್ವಲ್ಪ ಹಿಂದೆಯೇ ಉಳಿದು ನಡೆಯುವುದು.

ಇದನ್ನು ನೋಡುವಾಗ ವಿಕ್ರಮೋರ್ವಶೀಯದ ನಾಲ್ಕನೆಯ ಅಂಕವು ನೆನಪಿಗೆ ಬಾರದಿರಲು ನನಗೆ ಸಾಧ್ಯವಾಗಲಿಲ್ಲ. ಊರ್ವಶಿಯು ಬಳ್ಳಿಯಾಗಿ ಮಾರ್ಪಟ್ಟುದನ್ನು ಅರಿಯದ ಪುರೂರವನು ಕಾಡಿನಲ್ಲಿ ನವಿಲನ್ನೂ ಕೋಗಿಲೆಯನ್ನೂ ಆನೆಯನ್ನೂ ಬೆಟ್ಟವನ್ನೂ ಅವಳ ಸುದ್ದಿ ಕೇಳುತ್ತ ಅಲೆಯುವನು. ಉತ್ತರದ ಪ್ರತಿಗಳಲ್ಲಿ ಆ ಅಂಕದ ತುಂಬ ಅಪಭ್ರಂಶಭಾಷೆಯ ಗೀತಗಳಿವೆ. ದಕ್ಷಿಣದ ಪಾಠದಲ್ಲಿ ಅವಿಲ್ಲ. ಅವು ಕಾಳಿದಾಸನವೇ ಅಲ್ಲವೇ ಎಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಗೀತಗಳನ್ನು ತೆಗೆದರೂ ಆ ಅಂಕವು ನಿಲ್ಲುವುದು, ಶ್ಲೋಕಗಳೇ ಅದನ್ನು ಹೊತ್ತಿರುವುವು ಎಂಬುದಷ್ಟೇ ನನಗೆ ಬೇಕಾದುದು. ಈ ಚಿತ್ರದಲ್ಲಿಯೂ ಹಾಗೆ ನಿಲ್ಲುವುದೇ?

ಪರೀಕ್ಷಿಸಿಯೇ ನೋಡೋಣವೆಂದು ಮೂರನೆಯ ಸಲ ನೋಡುವಾಗ ಈ ಭಾಗದಲ್ಲಿ ಧ್ವನಿಯನ್ನು ಪೂರ್ತಿಯಾಗಿ ಅಡಗಿಸಿದೆನು. ಕಂಡುದು ದಣಿದ ಒಬ್ಬ ಹೆಂಗಸು. ಅವಳಿಗೆ ಕೋಪವೋ, ಭಯವೋ, ಕೆಲಸ ಕೆಟ್ಟಿತೆಂಬ ಲೆಕ್ಕಾಚಾರವೋ ನಿರ್ಣಯಿಸಲಾಗಲಿಲ್ಲ. ಮುಖವು ಸುಂದರವಾಗಿಯೇ ಇತ್ತು, ಆದರೆ ಮುಚ್ಚಿದ ಪುಸ್ತಕದಂತೆ ಇತ್ತು. ಮತ್ತೆ ಧ್ವನಿಯನ್ನು ತಂದೊಡನೆ ಅದೇ ಮುಖವು ವಿರಹಿಣಿಯ ಮುಖವಾಯಿತು. ಆದುದರಿಂದ ಇಲ್ಲಿ ಸಂಗೀತವು ಇದ್ದ ರಸವನ್ನು ಹೆಚ್ಚಿಸುತ್ತಿಲ್ಲ, ಇಲ್ಲದ ರಸವನ್ನು ತಂದುಕೊಡುತ್ತಿದೆ ಎಂದು ನಿಶ್ಚಯಿಸಿದೆನು. ಧ್ರುವೆಯ ಐದು ಬಗೆಗಳಲ್ಲಿ ಯಾವುದಕ್ಕೂ ಇದು ಸರಿಯಾಗಿ ಹೊಂದದು.

ಒಂದು ದೋಷವನ್ನು ಹೇಳಲೇಬೇಕು. ಈ ನಡಿಗೆಯ ನಡುವೆ ಫ್ಲಾರೆನ್ಸಳ ಸ್ವಗತವೂ ಕೇಳಿಬರುವುದು; ಪ್ರಿಯನನ್ನು ಕಳೆದುಕೊಂಡೆನೆಂಬ ಭಾವವನ್ನು ಅವಳು ಮಾತಿನಲ್ಲಿಯೇ ಹೇಳಿಕೊಳ್ಳುವಳು. ರಸವನ್ನೂ ಭಾವವನ್ನೂ ಅದರ ಹೆಸರು ಹಿಡಿದು ಹೇಳುವುದು ದೋಷವೆಂದು ಮಮ್ಮಟನು ಎಣಿಸಿರುವನಷ್ಟೆ. ತುತ್ತೂರಿಯು ವ್ಯಂಜಿಸಿ ಮುಗಿಸಿದುದನ್ನು ನಾಲಗೆಯು ಮತ್ತೆ ವಾಚ್ಯವಾಗಿ ಹೇಳಿದರೆ ಕೇಳುವವನು ಮೊದಲ ಸಲ ಗ್ರಹಿಸಿರಲಿಲ್ಲವೇ? ಮಾಲ್ ಈ ಮಾತುಗಳನ್ನು ಅಳಿಸಿಬಿಡುವಷ್ಟು ಧೈರ್ಯ ಮಾಡಬೇಕಾಗಿತ್ತು. 25ರ ಹರೆಯದಲ್ಲಿ ತನ್ನ ಮಾತನ್ನು ತಾನೇ ಅಳಿಸುವುದು ಕಷ್ಟವೆಂಬುದನ್ನೂ ಒಪ್ಪುವೆನು.

ನಮ್ಮ ಸಭೆಯ ಹಿರಿಯರೊಬ್ಬರೊಡನೆ ಈ ವಿಷಯವಾಗಿ ಮಾತು ಬಂದಾಗ ಅವರು ಕೇಳಿದ ಪ್ರಶ್ನೆಯು ಇದಕ್ಕಿಂತ ದೊಡ್ಡದು. "ಸ್ವಾಮೀ, ಗಂಡನನ್ನು ಕೊಲ್ಲಿಸಿದವಳು ಅವಳು. ಅವಳ ಶೃಂಗಾರವು ಶೃಂಗಾರವಲ್ಲ, ರಸಾಭಾಸ. ಅದಕ್ಕೆ ಇಂತಹ ನಾದವನ್ನು ಉಡಿಸಿ ನಮ್ಮಿಂದ ಕರುಣೆಯನ್ನು ಕಸಿದುಕೊಳ್ಳುವುದು ಮೋಸವಲ್ಲವೇ?" ಎಂದರು. ಅನೌಚಿತ್ಯಕ್ಕಿಂತ ಬೇರೆ ರಸಭಂಗಕಾರಣವಿಲ್ಲವೆಂದು ಆನಂದವರ್ಧನನೇ ಹೇಳಿರುವಾಗ ಇದನ್ನು ತಳ್ಳಿಹಾಕುವಂತಿಲ್ಲ. ಆ ದಿನ ನನಗೆ ಉತ್ತರ ತೋಚಲಿಲ್ಲ.

ಈಗ ತೋಚಿರುವುದು ಇಷ್ಟು. ಸಂಗೀತವು ಅವಳ ಪಕ್ಷವನ್ನು ವಹಿಸಿದ್ದರೆ ಹಿರಿಯರ ಮಾತೇ ಸರಿ. ಆದರೆ ಅವಳು ಆ ತುತ್ತೂರಿಯನ್ನು ಕೇಳುತ್ತಿಲ್ಲ. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡನ್ನು ದುಷ್ಯಂತನು ಕಿವಿಯಾರೆ ಕೇಳಿ ಕಾರಣವರಿಯದೆ ಕಳವಳಗೊಳ್ಳುವನು. ಅಲ್ಲಿ ಸಂಗೀತವು ಪಾತ್ರವನ್ನು ತಟ್ಟಿತು. ಇಲ್ಲಿ ಅದು ನಮ್ಮನ್ನು ಮಾತ್ರ ತಟ್ಟುವುದು. ಅವನು ಮೋಸಮಾಡಿ ಹೋದನೆಂದು ಅವಳು ನಂಬಿರುವಳು. ಅವನು ಪೆಟ್ಟಿಗೆಯೊಳಗಿರುವನೆಂದು ನಾವು ಬಲ್ಲೆವು. ಅವಳ ದುಃಖಕ್ಕೆ ಆಧಾರವೇ ಇಲ್ಲ, ಆದರೂ ದುಃಖವು ನಿಜ. ತುತ್ತೂರಿಯು ಈ ಎರಡನ್ನೂ ಒಟ್ಟಿಗೆ ನುಡಿಯುವುದರಿಂದಲೇ ಅದರಲ್ಲಿ ಕ್ಷಮೆಯೂ ಇಲ್ಲ, ನಿಂದೆಯೂ ಇಲ್ಲ. ಅವಳ ಪಾಪವನ್ನು ಅದು ಕಡಿಮೆ ಮಾಡಿ ತೋರಿಸಿದ್ದನ್ನು ನಾನು ಎಲ್ಲಿಯೂ ಕಾಣೆನು. ಹಿರಿಯರು ಇದನ್ನು ಒಪ್ಪುವರೋ ಇಲ್ಲವೋ ತಿಳಿಯದು. ಮುಂದಿನ ಸಭೆಯಲ್ಲಿ ನೋಡಬೇಕು.

ಇದಾದ ಮೇಲೆ ಫ್ರಾನ್ಸಿನಲ್ಲಿ ಅಪರಾಧಚಿತ್ರಕ್ಕೆ ಜಾಜ್ ವಾದ್ಯವನ್ನು ಸೇರಿಸುವುದು ಒಂದು ಮೋಡಿಯೇ ಆಯಿತು. 1960ರಲ್ಲಿ ಬಂದ ಗೊದಾರನ 'ಆ ಬೂ ದ ಸೂಫ್ಲ್' ಎಂಬ ಚಿತ್ರಕ್ಕೆ ಮಾರ್ಷಲ್ ಸೊಲಾಲನು ಒದಗಿಸಿದ ಸಂಗೀತವು ಅವುಗಳಲ್ಲಿ ಒಳ್ಳೆಯದು. ಉಳಿದವುಗಳ ಮಾತು ಬೇಡ.

ಕೊನೆಯ ದೃಶ್ಯವು ಛಾಯಾಚಿತ್ರ ತೊಳೆಯುವ ಕತ್ತಲೆಕೋಣೆಯಲ್ಲಿ ನಡೆಯುವುದು. ಜರ್ಮನರನ್ನು ಕೊಂದ ಹುಡುಗನನ್ನು ಹಿಡಿಸಿಕೊಡುವ ಚಿತ್ರಗಳು ಇದ್ದ ಸುರುಳಿಯಲ್ಲಿಯೇ ಝೂಲಿಯೆನ್ ಮತ್ತು ಫ್ಲಾರೆನ್ಸರು ಅಪ್ಪಿಕೊಂಡಿರುವ ಹಳೆಯ ಚಿತ್ರಗಳೂ ಇದ್ದುವು. ಮೊದಲ ಕೊಲೆಗೆ ಅವೇ ಸಾಕ್ಷಿ. ಚಿತ್ರದ ಆದಿಯಲ್ಲಿ ಇವರಿಬ್ಬರು ಟೆಲಿಫೋನಿನ ಎರಡು ತುದಿಗಳಲ್ಲಿ ಮಾತನಾಡುವರು, ಆಮೇಲೆ ಒಂದು ಕಡೆಯೂ ಕೂಡುವುದಿಲ್ಲ. ನಮ್ಮ ಕಣ್ಣಿಗೆ ಅವರು ಜೊತೆಯಾಗಿ ಕಾಣುವುದು ಈ ಕಾಗದದ ಮೇಲೆ ಮಾತ್ರ. ಪೋಲೀಸಿನವನು ಪಕ್ಕದಲ್ಲಿ ನಿಂತು ಶಿಕ್ಷೆಯ ವರ್ಷಗಳನ್ನು ಎಣಿಸುತ್ತಿರಲು, ತಟ್ಟೆಯ ನೀರಿನಲ್ಲಿ ಆ ಮುಖಗಳು ನಿಧಾನವಾಗಿ ಮೂಡುವುವು, ಮೊದಲಿಗೆ ಕೇಳಿದ ಛಾಯೆಯಲ್ಲಿಯೇ ತುತ್ತೂರಿಯು ಮತ್ತೆ ಬರುವುದು. ಫ್ಲಾರೆನ್ಸಳು ಆ ಚಿತ್ರಗಳ ಮೇಲೆ ಕೈಯಾಡಿಸುವಳು.