ನೂರು ಅಡಿ ಅಂತರದ ಎರಡು ಒಲೆ

ಊಟದ ಸಿನಿಮಾ ನೋಡಲು ಒಂದು ಪಥ್ಯವಿದೆ: ಹಸಿದು ಕೂರಬಾರದು. ಹಸಿದವನಿಗೆ ಪರದೆಯ ಮೇಲಿನ ಅಡುಗೆಯೆಲ್ಲ ರುಚಿಯೇ. ಯಾವ ನಿರ್ದೇಶಕ ನಿಜಕ್ಕೂ ಬೇಯಿಸಿದ್ದಾನೆ, ಯಾರು ಬರೀ ತಟ್ಟೆ ಸಿಂಗರಿಸಿದ್ದಾನೆ ಎಂಬುದು ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿಸಿಕೊಂಡು ಈ ವಾರ ನೋಡಬೇಕಾದ ಚಿತ್ರ, 2014ರ ‘ದಿ ಹಂಡ್ರೆಡ್ ಫುಟ್ ಜರ್ನಿ’. ರಿಚರ್ಡ್ ಮೊರೇಸ್ ಅವರ ಕಾದಂಬರಿ, ಲಾಸ್ಸೆ ಹಾಲ್‌ಸ್ಟ್ರಾಮ್ ನಿರ್ದೇಶನ, ಎ.ಆರ್. ರೆಹಮಾನ್ ಸಂಗೀತ.

ಮುಂಬೈಯ ಗಲಭೆಯಲ್ಲಿ ಹೋಟೆಲನ್ನೂ ಮನೆಯೊಡತಿಯನ್ನೂ ಕಳೆದುಕೊಂಡ ಕದಮ್ ಕುಟುಂಬ ಊರೂರು ಅಲೆದು, ವ್ಯಾನಿನ ಬ್ರೇಕ್ ಕೈಕೊಟ್ಟ ದಕ್ಷಿಣ ಫ್ರಾನ್ಸಿನ ಹಳ್ಳಿಯಲ್ಲೇ ‘ಮೇಝೋಂ ಮುಂಬೈ’ ತೆರೆಯುತ್ತದೆ. ಎದುರುಗಡೆ, ನೂರು ಅಡಿ ಆಚೆ, ಒಂದು ಮಿಷೆಲಿನ್ ನಕ್ಷತ್ರದ ಬಿಂಕದಲ್ಲಿರುವ ಮದಾಂ ಮ್ಯಾಲರಿಯ ರೆಸ್ಟೋರೆಂಟ್. ಒಬ್ಬರಿಗೆ ಬೇಕಾದ ಸಾಮಾನನ್ನು ಇನ್ನೊಬ್ಬರು ಸಂತೆಯಲ್ಲಿ ಮೊದಲೇ ಬಾಚಿಕೊಳ್ಳುತ್ತಾರೆ. ಮೇಯರ್ ಕಚೇರಿಯಲ್ಲಿ ದೂರಿನ ಮೇಲೆ ದೂರು.

ಓಂ ಪುರಿ ಮತ್ತು ಹೆಲೆನ್ ಮಿರೆನ್ ಈ ಜಗಳವನ್ನು ಸವಿಯುತ್ತಾ ಆಡುತ್ತಾರೆ. ಶಿವರಾಜ್‌ಕುಮಾರ್ ಅವರ ಕನ್ನಡ ಚಿತ್ರ ‘ಎಕೆ 47’ರಿಂದ ನಮಗೆ ಪರಿಚಿತರಾದ ಪುರಿ ಇಲ್ಲಿ ಕದಮ್ ಕುಟುಂಬದ, ಚೌಕಾಸಿಗೇ ಹುಟ್ಟಿದ ಅಪ್ಪ. ಗಮನಿಸಿ, ಇಬ್ಬರದೂ ಒಂದೇ ಜಾತಿಯ ಹಟ. ಊಟವನ್ನು ಇಬ್ಬರೂ ವ್ಯಾಪಾರಕ್ಕಿಂತ ದೊಡ್ಡದೆಂದು ನಂಬಿದವರು. ಜಗಳ ಕಾವೇರುವುದೂ ಅದರಿಂದಲೇ, ಕೊನೆಗೆ ತಣಿಯುವುದೂ ಅದರಿಂದಲೇ.

ಆಮ್ಲೆಟ್ ದೃಶ್ಯವೇ ಸಾಕ್ಷಿ. ಕಿಡಿಗೇಡಿಗಳು ಇಟ್ಟ ಬೆಂಕಿಯಲ್ಲಿ ಮಗ ಹಸನ್‌ನ ಕೈ ಸುಟ್ಟಿದೆ. ಗೋಡೆಯ ಮೇಲೆ ಗೀಚಿದ ದ್ವೇಷದ ಬರಹವನ್ನು ಮದಾಂ ಮಳೆಯಲ್ಲಿ ತಾನೇ ಉಜ್ಜಿ ತೊಳೆದಿದ್ದಾಳೆ. ಕೆಲಸಕ್ಕೆ ಬಂದವರನ್ನು ಆಕೆ ಒಂದು ಆಮ್ಲೆಟ್‌ನಿಂದ ಅಳೆಯುತ್ತಾಳೆಂದು ಹಸನ್‌ಗೆ ಗೊತ್ತು. ಬ್ಯಾಂಡೇಜ್ ಕಟ್ಟಿದ ಕೈಯಲ್ಲಿ ಅವಳೆದುರು ನಿಂತು ಅವನು ಹೇಳುತ್ತಾನೆ, ಅವಳು ಮಾಡುತ್ತಾಳೆ: ಮೊಟ್ಟೆ, ಮೆಣಸಿನಕಾಯಿ, ಕೊತ್ತಂಬರಿ, ಅಮ್ಮ ಬಿಟ್ಟುಹೋದ ಮಸಾಲೆ. ಪರೀಕ್ಷೆ ಮಾಡುವವಳೇ ಸಹಾಯಕಿ. ಕ್ಷಮೆಯ ಮಾತು ಇಲ್ಲಿ ಬೇಕಾಗುವುದಿಲ್ಲ; ಒಬ್ಬರ ಕಸುಬಿಗೆ ಇನ್ನೊಬ್ಬರು ಕೈ ಜೋಡಿಸಿದ್ದಾರೆ.

ನನ್ನ ತಕರಾರೂ ಇದೆ. ಅಪ್ಪನ ತಂದೂರಿಗೆ ಯಾರೂ ನಕ್ಷತ್ರ ಕೊಡುವುದಿಲ್ಲ. ಮಗ ರಸ್ತೆ ದಾಟಿ ಮದಾಂ ಅಡುಗೆಮನೆ ಸೇರಿ, ಫ್ರೆಂಚರ ಬೀಫ್ ಬೂರ್ಗಿನ್ಯೋಂಗೆ ನಮ್ಮ ಮಸಾಲೆ ಬೆರೆಸಿದ ಮೇಲಷ್ಟೇ ಅದಕ್ಕೆ ಮರ್ಯಾದೆ. ಇನ್ನೂರು ವರ್ಷದ ಪಾಕವನ್ನು ಬದಲಿಸುವುದೇಕೆ ಎಂಬ ಮದಾಂ ಪ್ರಶ್ನೆಗೆ, ಇನ್ನೂರು ವರ್ಷ ಸಾಕಾಯಿತೇನೋ ಎಂಬ ಹಸನ್ ಉತ್ತರ ಸೊಗಸಾಗಿದೆ. ಆದರೆ ಇಬ್ಬರ ಅಡುಗೆಗೂ ಅಂಕ ಹಾಕುವ ಪೆನ್ನು ಕೊನೆಯವರೆಗೂ ಫ್ರೆಂಚರ ಕೈಯಲ್ಲೇ ಉಳಿಯುತ್ತದೆ. ಚಿತ್ರ ಈ ಮಾತಿಗೆ ಬಾರದೆ ಜಾಣತನದಿಂದ ಬದಿಗೆ ಸರಿಯುತ್ತದೆ.

ಹಸನ್ ಪ್ಯಾರಿಸ್ಸಿಗೆ ಹೋದ ಮೇಲೆ ಕತೆ ಸಪ್ಪೆ. ಹೊಗೆಯಾಡುವ ಪ್ರಯೋಗದ ಅಡುಗೆ, ಕೀರ್ತಿ, ಒಂಟಿತನ, ಎಲ್ಲವೂ ಅವಸರದ ಬಡಿಸಾಟ. ಅಲ್ಲಿ ನಾಟುವುದು ಒಂದೇ ಕಡೆ: ಜೊತೆಗಾರನೊಬ್ಬನ ಮನೆಯಡುಗೆಯ ತುತ್ತಿಗೆ ಹಸನ್‌ನ ಕಣ್ಣು ತುಂಬುವಲ್ಲಿ. ಹಾಗಾಗಿ ಪ್ಯಾರಿಸ್ ಬಂದಾಗ ನೀವು ಕಾಫಿ ಬೆರೆಸಲು ಎದ್ದು ಹೋದರೂ ನಷ್ಟವಿಲ್ಲ. ಆ ತುತ್ತಿನ ಹೊತ್ತಿಗೆ ವಾಪಸ್ ಬಂದಿರಿ, ಅಷ್ಟೇ.